ಮೂರನೆಯ ಚುಕ್ಕೆ

“ದೀಪ ಆರಿಸ್ತೀನಿ ಸರ್. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋವರೆಗೂ ಸುಮ್ನೆ ಕೂತಿರಿ” ಎಂದರು ಆ ಹೆಣ್ಣುಮಗಳು. ಬೆಂಗಳೂರಿನ ಒಂದು ಪ್ರಯೋಗಾಲಯದ ಕಿಟಕಿಯೇ ಇಲ್ಲದ ಕಿರುಕೋಣೆ ಅದು. ಬಾಗಿಲ ಸಂದಿಗೂ ಕಪ್ಪು ಬಟ್ಟೆ ಕಟ್ಟಿದ್ದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ. ಅವರು ಪಕ್ಕದ ತಿರುಗಣಿಯನ್ನು ಒಂದಿಷ್ಟೇ ತಿರುಗಿಸಿದರು. ಕಂಡಿತು ನೋಡಿ!

ಅಮಾವಾಸ್ಯೆಯ ಆಕಾಶದಂಥ ಕಪ್ಪು. ಅದರ ತುಂಬ ಚೆದುರಿಬಿದ್ದ ನೀಲಿ ದುಂಡುಗಳು, ಗಿಡದಡಿ ಉದುರಿದ ನೇರಳೆ ಹಣ್ಣಿನ ಹಾಗೆ. ಒಂದೊಂದು ನೀಲಿ ದುಂಡಿನೊಳಗೂ ಎರಡು ಕಿತ್ತಳೆ ಚುಕ್ಕೆ, ಎರಡು ಹಸಿರು ಚುಕ್ಕೆ. ಚಿತ್ರದುರ್ಗದ ಕಡೆ ರಾತ್ರಿ ಬಸ್ಸಿನಲ್ಲಿ ಬರುವಾಗ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಕಾಣುತ್ತವಲ್ಲ, ಗುಡ್ಡ ಕಾಣದಿದ್ದರೂ ಅದು ಅಲ್ಲೇ ಇದೆ ಎಂದು ದೀಪವೇ ಹೇಳುತ್ತದಲ್ಲ, ಹಾಗಿತ್ತು. ಆ ನೀಲಿ ದುಂಡು ಇನ್ನೂ ಹುಟ್ಟದ ಮಗುವಿನ ಒಂದು ಜೀವಕೋಶದ ನ್ಯೂಕ್ಲಿಯಸ್. ಕಿತ್ತಳೆ ಚುಕ್ಕೆಗಳಲ್ಲಿ ಒಂದು ಆ ಮಗುವಿಗೆ ತಾಯಿ ಕೊಟ್ಟ 21ನೇ ವರ್ಣತಂತು, ಇನ್ನೊಂದು ತಂದೆ ಕೊಟ್ಟದ್ದು. ಹಸಿರು ಜೋಡಿ ಬೇರೊಂದು ವರ್ಣತಂತುವಿನದು.

ಅವರು ಸ್ಲೈಡ್ ಬದಲಿಸಿದರು. “ಇದನ್ನ ಪಾಠಕ್ಕೆ ಅಂತ ಇಟ್ಕೊಂಡಿದೀವಿ. ಎಣಿಸಿ.” ಎಣಿಸಿದೆ. ಹಸಿರು ಎರಡು. ಕಿತ್ತಳೆ ಒಂದು, ಎರಡು, ಮೂರು. ಪಕ್ಕದ ದುಂಡಿನಲ್ಲೂ ಮೂರು. ಅದರಾಚೆಯದರಲ್ಲೂ ಮೂರು. ಮೈ ಜುಮ್ಮೆಂದಿತು. ಸಾಸಿವೆ ಕಾಳಿನ ಸಾವಿರದಲ್ಲೊಂದು ಪಾಲೂ ಇಲ್ಲದ ಜಾಗದಲ್ಲಿ ಒಂದು ಇಡೀ ಬಾಳಿನ ಸುದ್ದಿ ಮೂರು ಚುಕ್ಕೆಯಾಗಿ ಉರಿಯುತ್ತಿತ್ತು.

ನಾನು ಆ ಕತ್ತಲ ಕೋಣೆಯವರೆಗೆ ಹೋಗಿದ್ದಕ್ಕೆ ಕಾರಣ ನಮ್ಮ ಅತ್ತಿಗೆ. ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿ. ಅಡಿಕೆ, ತೆಂಗು, ಮೆಕ್ಕೆಜೋಳದ ಸೀಮೆ. ರೈಲು ಬೇಕೆಂದರೆ ಚಿಕ್ಕಜಾಜೂರು, ದೊಡ್ಡ ಆಸ್ಪತ್ರೆ ಬೇಕೆಂದರೆ ದಾವಣಗೆರೆ ಇಲ್ಲವೇ ಚಿತ್ರದುರ್ಗ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, 38ನೇ ವಯಸ್ಸಿಗೆ ಅತ್ತಿಗೆ ಬಸಿರಾದರು. ಮೂರನೇ ತಿಂಗಳ ಸ್ಕ್ಯಾನಿಂಗು, ರಕ್ತ ಪರೀಕ್ಷೆ ಎರಡೂ ಆದಮೇಲೆ ವೈದ್ಯರು ಎದುರು ಕೂರಿಸಿಕೊಂಡು, “ವಯಸ್ಸಿನ ಲೆಕ್ಕ, ರಕ್ತದ ಲೆಕ್ಕ ಎರಡೂ ಸೇರಿಸಿದರೆ ಮಗುವಿನ ವರ್ಣತಂತುವಿನ ಲೆಕ್ಕ ತಪ್ಪಿರೋ ರಿಸ್ಕ್ ಸ್ವಲ್ಪ ಜಾಸ್ತಿ ತೋರಿಸ್ತಿದೆ. ಗರ್ಭದ ನೀರು ತೆಗೆದು ನೋಡಿದರೆ ಖಚಿತವಾಗಿ ಹೇಳಬಹುದು” ಅಂದರು. ಮನೆಯಲ್ಲಿ ಅವ್ವ ಹೌಹಾರಿದಳು. “ಹೊಟ್ಟೆಗೆ ಸೂಜಿ ಚುಚ್ಚೋದಾ? ಕೂಸಿಗೆ ತಾಗಿದ್ರೆ ಏನ್ ಗತಿ?” ಅತ್ತಿಗೆ ಮಾತ್ರ ಹೆದರಲಿಲ್ಲ. “ಗೊತ್ತಿಲ್ದೆ ಐದು ತಿಂಗಳು ಕೊರಗೋದಕ್ಕಿಂತ ಗೊತ್ತಾಗ್ಲಿ ಬಿಡ್ರಿ ಅತ್ತೆ” ಎಂದುಬಿಟ್ಟರು.

ಪರೀಕ್ಷೆಯ ಹೆಸರು ‘ಫಿಶ್’ ಎಂದು ಚೀಟಿಯಲ್ಲಿ ಬರೆದಿತ್ತು. ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಷನ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು. ಇದ್ದ ಜಾಗದಲ್ಲೇ, ಹೊಳೆಯುವ ಬಣ್ಣ ಕಟ್ಟಿ, ಡಿಎನ್‌ಎಗೆ ಅದರ ಜೋಡಿಯನ್ನು ಕೂಡಿಸುವುದು ಎಂದು ಅರ್ಥ. ಅಷ್ಟು ಅರ್ಥ ಮಾಡಿಕೊಳ್ಳಲು ಹೊರಟವನು ಇವತ್ತಿಗೂ ಬೆರಗಿನಿಂದ ಹೊರಬಂದಿಲ್ಲ.

ಮೊದಲು ಆ ನೀರು. ಹದಿನಾರನೇ ವಾರದ ಹೊತ್ತಿಗೆ ಮಗುವಿನ ಸುತ್ತ ಸುಮಾರು ಒಂದು ಲೋಟದಷ್ಟು ನೀರಿರುತ್ತದೆ. ಮಗು ಅದರಲ್ಲೇ ತೇಲುತ್ತದೆ, ಅದನ್ನೇ ಕುಡಿಯುತ್ತದೆ, ಅದರಲ್ಲೇ ಮೂತ್ರ ಮಾಡುತ್ತದೆ. ಮಗುವಿನ ಚರ್ಮದಿಂದ, ಮೂತ್ರನಾಳದಿಂದ ಕಳಚಿಕೊಂಡ ಜೀವಕೋಶಗಳು ಆ ನೀರಿನಲ್ಲಿ ಸದಾ ಇರುತ್ತವೆ. ಸ್ಕ್ಯಾನಿಂಗ್ ಪರದೆಯ ಮೇಲೆ ಮಗು ಎಲ್ಲಿದೆ, ಸೂಜಿ ಎಲ್ಲಿದೆ ಎಂದು ಎರಡನ್ನೂ ನೋಡುತ್ತಲೇ ವೈದ್ಯರು ಕೂದಲೆಳೆಯಂಥ ಸೂಜಿಯಿಂದ 20 ಮಿಲಿಲೀಟರ್‌ನಷ್ಟು ನೀರು ಎಳೆಯುತ್ತಾರೆ. ನಾಲ್ಕು ಟೀ ಚಮಚ! ಮೊದಲ ಒಂದೆರಡು ಮಿಲಿಲೀಟರನ್ನು ಬೇರೆ ಸಿರಿಂಜಿನಲ್ಲಿ ತೆಗೆದಿಡುತ್ತಾರೆ, ಏಕೆಂದರೆ ಸೂಜಿ ಒಳಹೋಗುವಾಗ ತಾಯಿಯ ಜೀವಕೋಶವೂ ಅಂಟಿಕೊಂಡು ಬಂದಿರಬಹುದು. ತಾಯಿಯದನ್ನು ಮಗುವಿನದೆಂದು ಎಣಿಸಿಬಿಟ್ಟರೆ ಲೆಕ್ಕವೇ ತಪ್ಪಿತು. ಇದರಿಂದ ಗರ್ಭಪಾತವಾಗುವ ಅಪಾಯ ಇಲ್ಲವೇ ಇಲ್ಲ ಎನ್ನಲಾಗದು. ಪಳಗಿದ ಕೈಯಲ್ಲಿ ಅದು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಅತ್ತಿಗೆಗೆ ಇದನ್ನೆಲ್ಲ ಹೇಳಿಯೇ ಸಹಿ ಹಾಕಿಸಿಕೊಂಡಿದ್ದರು.

ತೆಗೆದ ನೀರು ತಿಳಿಹಳದಿ, ನೋಡಲು ಹೆಸರುಬೇಳೆ ಕಟ್ಟಿನ ಹಾಗೆ. ಅದನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ತಳದಲ್ಲಿ ಮಸುಕಾದ ಗಷ್ಟು ನಿಲ್ಲುತ್ತದೆ. ಆ ಗಷ್ಟಿನಲ್ಲೇ ಮಗುವಿದೆ.

ಮನುಷ್ಯನ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳು, 23 ಜೋಡಿ. ಹೈಸ್ಕೂಲಿನ ಪುಸ್ತಕದಲ್ಲಿ ಓದಿದ ‘ವರ್ಣತಂತು’ ಎಂಬ ಮಾತು ಎಷ್ಟು ಚೆಂದ! ಬಣ್ಣದ ಎಳೆ. 1888ರಲ್ಲಿ ಜರ್ಮನಿಯ ವಾಲ್ಡೆಯರ್ ಅದಕ್ಕೆ ಕ್ರೋಮೋಸೋಮ್ ಎಂದು ಹೆಸರಿಟ್ಟದ್ದೂ ಬಣ್ಣ ಹೀರುವ ಗುಣ ನೋಡಿಯೇ. ನಮ್ಮ ಹಿರಿಯರು ಅದನ್ನು ಕನ್ನಡಕ್ಕೆ ತರುವಾಗ ‘ತಂತು’ ಎಂದರು, ದಾರ ಎಂದರು. ಆ ಆಯ್ಕೆ ಎಷ್ಟು ಸರಿಯೆಂದು ನನಗೆ ಗೊತ್ತಾದದ್ದು ಆ ಕತ್ತಲ ಕೋಣೆಯಲ್ಲಿ.

ಏಕೆಂದರೆ ಪುಸ್ತಕದ ಚಿತ್ರದಲ್ಲಿ ಕಾಣುವಂತೆ ವರ್ಣತಂತು ಯಾವಾಗಲೂ ದಪ್ಪಗೆ, ಕತ್ತರಿಯಾಕಾರದಲ್ಲಿ ಕೂತಿರುವುದಿಲ್ಲ. ಜೀವಕೋಶ ಎರಡಾಗಿ ಒಡೆಯುವ ಸ್ವಲ್ಪ ಹೊತ್ತು ಮಾತ್ರ ಹಾಗಿರುತ್ತದೆ. ಉಳಿದ ಹೊತ್ತೆಲ್ಲ ಬಿಚ್ಚಿ ಹರಡಿದ ದಾರ. ನಮ್ಮ ಚಳ್ಳಕೆರೆ ಕಡೆ ಕಂಬಳಿ ನೇಯುವವರ ಮನೆಯಲ್ಲಿ ಉಣ್ಣೆ ನೂಲು ತುಂಬಿದ ಪುಟ್ಟಿ ನೋಡಿದ್ದೀರಾ? 46 ಉಂಡೆ ನೂಲನ್ನು ಪೂರ್ತಿ ಬಿಚ್ಚಿ ಒಂದೇ ಪುಟ್ಟಿಗೆ ತುಂಬಿದರೆ ಎಷ್ಟು ಉಂಡೆ ಇದ್ದವೆಂದು ಯಾರು ಹೇಳಬಲ್ಲರು? ಒಂದು ಜೀವಕೋಶದ ಡಿಎನ್‌ಎ ಎಳೆದು ನಿಲ್ಲಿಸಿದರೆ ಸುಮಾರು ಎರಡು ಮೀಟರ್ ಉದ್ದ. ಅದು ತುಂಬಿಕೊಂಡಿರುವ ಪುಟ್ಟಿಯ ಅಗಲ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲೂ ಇಲ್ಲ!

ಹಾಗಾಗಿ ಹಳೆಯ ವಿಧಾನದಲ್ಲಿ ಆ ಜೀವಕೋಶಗಳಿಗೆ ಆಹಾರ ಕೊಟ್ಟು, ಬೆಚ್ಚಗಿಟ್ಟು, ಅವು ಬೆಳೆದು ಒಡೆಯುವವರೆಗೆ ಕಾಯಬೇಕು. ಒಡೆಯುವ ಗಳಿಗೆಯಲ್ಲೇ ಹಿಡಿದು ನಿಲ್ಲಿಸಿ, ಬಣ್ಣ ಹಾಕಿ, ಫೋಟೋ ತೆಗೆದು, ಜೋಡಿ ಜೋಡಿಯಾಗಿ ಜೋಡಿಸಬೇಕು. ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಬಸಿರಿ ಹೆಂಗಸಿಗೆ ಆ ಎರಡು ವಾರ ಎಂದರೆ ಎರಡು ವರ್ಷ. ಫಿಶ್ ಪರೀಕ್ಷೆ ಮಾಡಿದ್ದು ಇಷ್ಟೇ: ಉಂಡೆ ಸುತ್ತುವವರೆಗೂ ಕಾಯಬೇಕಿಲ್ಲ, ಪುಟ್ಟಿಯೊಳಗೆ ಬಿಚ್ಚಿ ಬಿದ್ದಿರುವಾಗಲೇ ಬೇಕಾದ ನೂಲಿಗಷ್ಟೇ ಬಣ್ಣದ ಗಂಟು ಹಾಕಿ ಎಣಿಸಿದರಾಯಿತು ಎಂದಿತು. ಗಂಟು ಎಷ್ಟೋ ನೂಲು ಅಷ್ಟು.

ಆ ಗಂಟು ಹಾಕುವವರು ಯಾರು? ಡಿಎನ್‌ಎಯೇ!

ಡಿಎನ್‌ಎ ಎಂದರೆ ಎರಡು ಎಳೆಯ ಹುರಿ. ಒಂದು ಎಳೆಯ ‘ಎ’ ಎದುರಿನ ಎಳೆಯ ‘ಟಿ’ಯನ್ನೇ ಹಿಡಿಯುತ್ತದೆ, ‘ಜಿ’ ‘ಸಿ’ಯನ್ನೇ. ಬೇರೆಯದಕ್ಕೆ ಕೈ ಕೊಡುವುದಿಲ್ಲ. 21ನೇ ವರ್ಣತಂತುವಿನ ಒಂದು ಭಾಗದ ಪ್ರತಿಯನ್ನು ಪ್ರಯೋಗಾಲಯದಲ್ಲಿ ಮಾಡಿ, ಅದಕ್ಕೆ ಹೊಳೆಯುವ ಬಣ್ಣ ಕಟ್ಟುತ್ತಾರೆ. ಇದೇ ಪ್ರೋಬ್. ಸ್ಲೈಡ್ ಮೇಲಿನ ಜೀವಕೋಶಗಳನ್ನು 73 ಡಿಗ್ರಿಗೆ ಬಿಸಿ ಮಾಡಿದರೆ ಹುರಿ ಬಿಚ್ಚಿ ಎರಡೂ ಎಳೆ ಬೇರೆ ಬೇರೆಯಾಗುತ್ತವೆ. ಆಮೇಲೆ ಬಣ್ಣದ ಪ್ರೋಬಿನ ಹನಿ ಹಾಕಿ, ಮೇಲೊಂದು ತೆಳುಗಾಜು ಮುಚ್ಚಿ, ಅಂಚಿಗೆ ರಬ್ಬರ್ ಅಂಟು ಹಚ್ಚಿ, ತೇವದ ಡಬ್ಬಿಯಲ್ಲಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತಾರೆ. 37 ಡಿಗ್ರಿ ಎಂದರೆ ನಮ್ಮ ಮೈಯ ಬಿಸಿ. ತಾಯಿಯ ಹೊಟ್ಟೆಯ ಬಿಸಿ.

ಆ ರಾತ್ರಿ ಒಳಗೆ ನಡೆಯುವುದನ್ನು ನೆನೆದರೆ ಈಗಲೂ ರೋಮಾಂಚನ. ಜೀವಕೋಶದಲ್ಲಿರುವುದು ತಾಯಿಯ ಪಾಲಿನ 300 ಕೋಟಿ ಅಕ್ಷರ, ತಂದೆಯ ಪಾಲಿನ ಇನ್ನೊಂದು 300 ಕೋಟಿ. ಆ ಸಂತೆಯಲ್ಲಿ ಬಣ್ಣದ ಪ್ರೋಬು ತನ್ನ ಜೋಡಿಯನ್ನು ಹುಡುಕಿಕೊಂಡು ಹೊರಡುತ್ತದೆ. ಕಣ್ಣಿಲ್ಲ, ಕಾಲಿಲ್ಲ, ದಾರಿ ಹೇಳುವವರಿಲ್ಲ. ನಾಯಕನಹಟ್ಟಿ ತೇರಿನ ದಿನ ಲಕ್ಷ ಜನರ ನಡುವೆ ತಪ್ಪಿಸಿಕೊಂಡ ಕೂಸು ಯಾವ್ಯಾವುದೋ ಸೆರಗು ಹಿಡಿದು, ಬಿಟ್ಟು, ಕೊನೆಗೆ ತನ್ನ ತಾಯಿಯ ಸೆರಗು ಕೈಗೆ ಸಿಕ್ಕಾಗ ಬಿಡದೆ ಅಂಟಿಕೊಳ್ಳುವ ಹಾಗೆ, ಪ್ರೋಬು ಅಲ್ಲಲ್ಲಿ ತಾಗಿ, ಜಾರಿ, ಮತ್ತೆ ತಾಗಿ, ಬೆಳಗಿನ ಹೊತ್ತಿಗೆ ತನ್ನ ಜಾಗದಲ್ಲಿ ನಿಂತಿರುತ್ತದೆ. ಸುಮ್ಮನೆ ಅಂಟಿಕೊಂಡವನ್ನೆಲ್ಲ ಬೆಳಿಗ್ಗೆ ಬಿಸಿ ಉಪ್ಪುನೀರಿನಲ್ಲಿ ತೊಳೆದುಬಿಡುತ್ತಾರೆ. ಉಳಿಯುವುದು ನಿಜವಾದ ಜೋಡಿ ಮಾತ್ರ.

ಇನ್ನು ಆ ಹೊಳಪು. ಇದನ್ನು ನೀವು ಮನೆಯಲ್ಲೇ ನೋಡಬಹುದು. ಅಂಗಡಿಯವರು ಖೋಟಾ ನೋಟು ಪತ್ತೆಗೆ ಇಟ್ಟುಕೊಂಡಿರುವ ನೇರಳೆ ದೀಪದ ಕೆಳಗೆ, ಸ್ಪಿರಿಟ್ಟಿನಲ್ಲಿ ಕದಡಿದ ಚಿಟಿಕೆ ಅರಿಶಿನ ಹಿಡಿಯಿರಿ. ಹಳದಿ ಹೋಗಿ ಹಸಿರಾಗಿ ಬೆಳಗುತ್ತದೆ! ಕಣ್ಣಿಗೆ ಕಾಣದ ಬೆಳಕನ್ನು ನುಂಗಿ, ಕಾಣುವ ಬೆಳಕಾಗಿ ಹೊರಬಿಡುವ ಗುಣ ಅದು. ಇದಕ್ಕೆ ಫ್ಲೋರೆಸೆನ್ಸ್ ಎಂದು 1852ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಸ್ಟೋಕ್ಸ್. ಅವರ ಕೈಯಲ್ಲಿ ಇದ್ದದ್ದು ಮಲೇರಿಯಾಕ್ಕೆ ಕೊಡುವ ಕ್ವಿನೈನ್ ದ್ರಾವಣ. ಅಡುಗೆಮನೆಯ ಅರಿಶಿನ ಹೊಳೆಯುವ ನಿಯಮವೇ ಆ ಕತ್ತಲ ಕೋಣೆಯಲ್ಲೂ ಕೆಲಸ ಮಾಡುತ್ತಿತ್ತು.

ಈ ಬೆರಗಿನ ಹಿಂದೆ ಎಂಥೆಂಥ ಜನ!

ಮನುಷ್ಯನಿಗೆ 48 ವರ್ಣತಂತು ಎಂದೇ ಮೂವತ್ತು ವರ್ಷಕ್ಕೂ ಮಿಗಿಲಾಗಿ ಜಗತ್ತು ನಂಬಿತ್ತು. ಎಣಿಸಿದರೂ ತಪ್ಪುತ್ತಿತ್ತು, ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಅಮೆರಿಕದ ಟೆಕ್ಸಾಸ್‌ನಲ್ಲಿ ಟಿ.ಸಿ. ಶು ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಯಾರೋ ಉಪ್ಪಿನಂಶ ಕಡಿಮೆ ಮಾಡಿ ದ್ರಾವಣ ತಯಾರಿಸಿಬಿಟ್ಟರು. ಜೀವಕೋಶಗಳು ನೀರು ಹೀರಿ ಉಬ್ಬಿದವು, ವರ್ಣತಂತುಗಳು ಒಂದಕ್ಕೊಂದು ತಾಗದಂತೆ ಹರಡಿ ಕೂತವು. ಆ ತಪ್ಪೇ ದಾರಿಯಾಯಿತು. ಮುಂದೆ ಜಾವಾದಲ್ಲಿ ಹುಟ್ಟಿದ, ಯುದ್ಧಕಾಲದಲ್ಲಿ ಜಪಾನಿಯರ ಸೆರೆಯಲ್ಲಿ ನರಳಿದ ಜೋ ಹಿನ್ ತ್ಜಿಯೋ, 1955ರ ಡಿಸೆಂಬರ್ 22ರಂದು ಸ್ವೀಡನ್ನಿನ ಲುಂಡ್‌ನಲ್ಲಿ ಎಣಿಸಿ ನೋಡಿದರೆ 46! ಅವರು ಮತ್ತು ಆಲ್ಬರ್ಟ್ ಲೆವಾನ್ ಅದನ್ನು 1956ರಲ್ಲಿ ಪ್ರಕಟಿಸಿದರು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಪ್ಯಾರಿಸ್ಸಿನ ಮಾರ್ತ್ ಗೋತಿಯೆ ಎಂಬ ವೈದ್ಯೆಯ ಬಳಿ. ರೈತರ ಮನೆಯ ಮಗಳು. ಕಲಿಕೆ ನಿಧಾನವಾಗುವ, ಡೌನ್ ಸಿಂಡ್ರೋಮ್ ಎಂಬ ಸ್ಥಿತಿ ಇರುವ ಮಕ್ಕಳ ಜೀವಕೋಶ ಬೆಳೆಸಿ ವರ್ಣತಂತು ಎಣಿಸಬೇಕೆಂದು ಹೊರಟರು. ಅನುದಾನವಿಲ್ಲ, ಸಲಕರಣೆಯಿಲ್ಲ. ಸಾಲ ಮಾಡಿ ಗಾಜಿನ ಸಾಮಾನು ಕೊಂಡರು. ಜೀವಕೋಶಕ್ಕೆ ಉಣಿಸಲು ಸೀರಮ್ ಬೇಕಲ್ಲ, ತಮ್ಮದೇ ರಕ್ತ ತೆಗೆದು ಸೀರಮ್ ಮಾಡಿದರು. ಕೋಳಿಯ ಪ್ಲಾಸ್ಮಾ ಬೇಕೆಂದು ಹುಂಜ ಸಾಕಿದರು. ಎಣಿಸಿದಾಗ 46 ಅಲ್ಲ, 47. ಒಂದು ಪುಟ್ಟ ವರ್ಣತಂತು ಹೆಚ್ಚು. 1959ರಲ್ಲಿ ಆ ಶೋಧ ಪ್ರಕಟವಾದಾಗ ಮೊದಲ ಹೆಸರು ಜೆರೋಮ್ ಲೆಜೂನ್ ಅವರದು, ಗೋತಿಯೆ ಹೆಸರು ನಡುವೆ, ಅದೂ ಕಾಗುಣಿತ ತಪ್ಪಿ. ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೈತಿಕತೆ ಸಮಿತಿ ಅವರ ಪಾತ್ರವನ್ನು ಎತ್ತಿ ಹೇಳಿದ್ದು 2014ರಲ್ಲಿ. ಆಗ ಅವರಿಗೆ 88 ದಾಟಿತ್ತು. 2022ರಲ್ಲಿ ತೀರಿಕೊಂಡರು. ಆ ಸ್ಲೈಡಿನ ಮೂರನೇ ಚುಕ್ಕೆಯನ್ನು ಈಗ ಯಾರು ನೋಡಿದರೂ ಆ ತಾಯಿಯನ್ನು ಒಮ್ಮೆ ನೆನೆಯಬೇಕು ಎನ್ನುವವನು ನಾನು.

ಪ್ರೋಬಿನ ಕತೆ ಕಪ್ಪೆಯಿಂದ ಶುರು. 1969ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೋಸೆಫ್ ಗಾಲ್ ಮತ್ತು ಮೇರಿ ಲೂ ಪಾರ್ಡ್ಯೂ ಆಫ್ರಿಕಾದ ಕಪ್ಪೆಯ ಜೀವಕೋಶದೊಳಗೆ ಒಂದು ಜೀನಿನ ಜಾಗ ಗುರುತಿಸಿದರು. ಆದರೆ ಅವರದು ವಿಕಿರಣ ಸೂಸುವ ಪ್ರೋಬು, ಗುರುತು ಮೂಡಲು ದಿನಗಟ್ಟಲೆ, ವಾರಗಟ್ಟಲೆ ಕಾಯಬೇಕು. 1981ರಲ್ಲಿ ಅದೇ ಯೇಲ್‌ನಲ್ಲಿ ಡೇವಿಡ್ ವಾರ್ಡ್ ತಂಡ ವಿಕಿರಣವನ್ನೇ ಕೈಬಿಟ್ಟಿತು. ಡಿಎನ್‌ಎಗೆ ಬಯೋಟಿನ್ ಎಂಬ ವಿಟಮಿನ್ ಕಟ್ಟಿದರು. ಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಕಂಡರೆ ಬಿಡದೆ ಹಿಡಿಯುತ್ತದೆ, ಅಂಥ ಪ್ರೋಟೀನಿನ ಬೆನ್ನಿಗೆ ಹೊಳೆಯುವ ಬಣ್ಣ ಕಟ್ಟಿದರೆ ಮುಗಿಯಿತು. ವಿಟಮಿನ್ನೂ ಕೋಳಿಮೊಟ್ಟೆಯೂ ಸೇರಿ ವರ್ಣತಂತುವಿಗೆ ದೀಪ ಹಚ್ಚಿದವು! 1986ರಲ್ಲಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯದ ಡಾನ್ ಪಿಂಕೆಲ್, ಜೋ ಗ್ರೇ ಮುಂತಾದವರು ಈ ಹೊಳಪನ್ನು ಅಳೆದು ಎಣಿಸುವಷ್ಟು ಹದಕ್ಕೆ ತಂದರು. ಲಿವರ್‌ಮೋರ್ ಎಂದರೆ ಅಣ್ವಸ್ತ್ರ ರೂಪಿಸುವ ಜಾಗ. ವಿಕಿರಣದಿಂದ ವರ್ಣತಂತು ಎಷ್ಟು ಮುರಿಯುತ್ತದೆ ಎಂದು ತಿಳಿಯಲು ಹೊರಟವರ ಕೈಗೆ ಬಸಿರಿಯರಿಗೆ ಬೇಕಾದ ಬೆಳಕು ಸಿಕ್ಕಿತು. 1992ರಲ್ಲಿ ಕ್ಯಾಥರೀನ್ ಕ್ಲಿಂಗರ್ ತಂಡ ಗರ್ಭದ ನೀರಿನ ಜೀವಕೋಶಗಳನ್ನು ಬೆಳೆಸದೆ ಹಾಗೇ ಎಣಿಸಿ ತೋರಿಸಿತು. ಮರುವರ್ಷ 4,500 ಮಾದರಿಗಳ ಅನುಭವ ಪ್ರಕಟವಾಯಿತು. ಅಲ್ಲಿಂದ ಇದು ಆಸ್ಪತ್ರೆಯ ಕೆಲಸವಾಯಿತು.

ಕರ್ನಾಟಕಕ್ಕೂ ವರ್ಣತಂತುವಿಗೂ ನಂಟು ಹಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರೊ. ಎಂ.ಆರ್. ರಾಜಶೇಖರಶೆಟ್ಟಿ ಕಟ್ಟಿದ ಪರಂಪರೆ ಹಣ್ಣಿನ ನೊಣ ಹಿಡಿದು ವರ್ಣತಂತು ಓದುತ್ತಾ ಬಂತು, ಒಂದು ನೊಣಕ್ಕೆ ಅವರ ಶಿಷ್ಯರು ‘ರಾಜಶೇಖರಿ’ ಎಂದೇ ಹೆಸರಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಚ್. ಶರತ್‌ಚಂದ್ರ ಅಧ್ಯಯನ ಮಾಡಿದ್ದು ಹಿಟ್ಟು ತಿಗಣೆಯ ವರ್ಣತಂತು. ಹೌದು, ನಮ್ಮ ಗಿಡಗಳಿಗೆ ಬಿಳಿಹಿಟ್ಟು ಮೆತ್ತಿದಂತೆ ಅಂಟುವ ಅದೇ ಹುಳ! ಆ ಹುಳದ ಗಂಡು ಭ್ರೂಣದಲ್ಲಿ ಅಪ್ಪನಿಂದ ಬಂದ ಇಡೀ ವರ್ಣತಂತುಗಳ ಸೆಟ್ಟು ಮುದುಡಿಕೊಂಡು ಮೌನವಾಗುತ್ತದೆ. ಅಂಥ ಹುಳದಿಂದ ಶುರುಮಾಡಿದವರು ಕೊನೆಗೆ ಮನುಷ್ಯರ ಕಡೆ ತಿರುಗಿ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಕಟ್ಟಿದರು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲೂ ವೈದ್ಯಕೀಯ ತಳಿವಿಜ್ಞಾನದ ವಿಭಾಗವೇ ಇದೆ. ಇನ್ನೊಂದು ಹೇಳದೆ ಇರಲಾರೆ: ಮಲೆನಾಡಿನ ಕಾಡುಕುರಿ ಇದೆಯಲ್ಲ, ನಾಯಿಯ ಹಾಗೆ ಬೊಗಳುವ ಜಿಂಕೆ, ಅದರ ಹೆಣ್ಣಿಗೆ ಇರುವುದು ಆರೇ ಆರು ವರ್ಣತಂತು, ಗಂಡಿಗೆ ಏಳು. ಸಸ್ತನಿಗಳಲ್ಲೇ ಇಷ್ಟು ಕಡಿಮೆ ಬೇರೆ ಯಾವುದಕ್ಕೂ ಕಂಡಿಲ್ಲ. ಅದಕ್ಕೆ ಏಳು ಸಾಕು, ನಮಗೆ 47 ಆದರೆ ಹೆಚ್ಚು. ಲೆಕ್ಕ ಎಷ್ಟು ಎಂಬುದಲ್ಲ, ಆಯಾ ಜೀವಕ್ಕೆ ಒಪ್ಪಿದ ಲೆಕ್ಕ ತಪ್ಪಿತೇ ಎಂಬುದೇ ಪ್ರಶ್ನೆ.

ತಪ್ಪುವುದಾದರೂ ಏಕೆ? ಅತ್ತಿಗೆ ಕೇಳಿದ್ದು ಇದೇ. “ನಾನೇನು ತಪ್ಪು ಮಾಡಿದ್ನಪ್ಪಾ? ಗ್ರಹಣದ ದಿನ ಹೊರಗೆ ಬಂದಿದ್ದೆ ಅಂತ ಅತ್ತೆ ಅಂತಾರೆ.” ಇದಕ್ಕೆ ವಿಜ್ಞಾನ ಕೊಡುವ ಉತ್ತರ ಕೇಳಿ ನಾನು ಮೂಕನಾದೆ. ಹೆಣ್ಣಿನ ಅಂಡಗಳು ಅವಳು ದೊಡ್ಡವಳಾದ ಮೇಲೆ ಹುಟ್ಟುವುದಲ್ಲ. ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಹುಟ್ಟಿರುತ್ತವೆ! ವರ್ಣತಂತುಗಳು ಜೋಡಿಯಾಗಿ ಕೈ ಹಿಡಿದು, ಬೇರ್ಪಡುವ ಮೊದಲೇ ತಡೆದು ನಿಂತುಬಿಡುತ್ತವೆ. ಆ ಅಂಡ ಪಕ್ವವಾಗುವ ತಿಂಗಳು ಬರುವವರೆಗೆ, ಇಪ್ಪತ್ತು, ಮೂವತ್ತು, ನಲವತ್ತು ವರ್ಷ, ಹಾಗೇ ನಿಂತಿರಬೇಕು. ಎರಡನ್ನೂ ಬಿಗಿದು ಹಿಡಿದ ಪ್ರೋಟೀನಿನ ಕಟ್ಟು ಕಾಲ ಕಳೆದಂತೆ ಸಡಿಲವಾಗುತ್ತದೆ. ಬೇರ್ಪಡುವಾಗ ಎರಡೂ ಒಂದೇ ಕಡೆ ಜಾರಿದರೆ ಮಗುವಿಗೆ ಮೂರಾಯಿತು. ಅಂದರೆ ಅತ್ತಿಗೆಯ ಕೂಸಾಗಿ ಬೆಳೆಯುತ್ತಿದ್ದ ಅಂಡ, ಅತ್ತಿಗೆಯ ತಾಯಿ ಅವರನ್ನು ಹೊತ್ತಿದ್ದಾಗಿನದು. ಒಬ್ಬ ಹೆಂಗಸು ಹೆಣ್ಣುಕೂಸನ್ನು ಹೊತ್ತರೆ ಮೂರು ತಲೆಮಾರು ಒಟ್ಟಿಗೆ ಇರುತ್ತವೆ. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ, ಯಾರ ತಪ್ಪೂ ಇಲ್ಲ. 25ನೇ ವಯಸ್ಸಿನ ತಾಯಂದಿರಲ್ಲಿ ಡೌನ್ ಸಿಂಡ್ರೋಮ್ ಮಗು ಹುಟ್ಟುವುದು ಸುಮಾರು 1,250ಕ್ಕೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಇದನ್ನೆಲ್ಲ ಬಿಡಿಸಿ ಹೇಳಿದಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅತ್ತಿಗೆಯ ತಲೆ ಸವರಿ, “ನಿಂದೇನೂ ಇಲ್ಲ ಬಿಡವ್ವ” ಎಂದಳು.

ಸಾಮಾನ್ಯ ಫಿಶ್ ಪರೀಕ್ಷೆಯಲ್ಲಿ ನೋಡುವುದು ಐದು: 13, 18, 21, ಎಕ್ಸ್, ವೈ. 21 ಮೂರಾದರೆ ಡೌನ್ ಸಿಂಡ್ರೋಮ್. 18 ಮೂರಾದರೆ ಎಡ್ವರ್ಡ್ಸ್, 13 ಮೂರಾದರೆ ಪಟಾವ್, ಇವೆರಡೂ ಬಹಳ ಕಠಿಣ, ಹೆಚ್ಚಿನ ಮಕ್ಕಳು ಮೊದಲ ವರ್ಷ ದಾಟುವುದಿಲ್ಲ. ಒಂದೇ ನ್ಯೂಕ್ಲಿಯಸ್ ನೋಡಿ ತೀರ್ಪು ಕೊಡುವುದಿಲ್ಲ. ಎರಡು ಚುಕ್ಕೆ ಒಂದರ ಮೇಲೊಂದು ಬಿದ್ದು ಒಂದಾಗಿ ಕಾಣಬಹುದು, ಒಂದೇ ಚುಕ್ಕೆ ಸೀಳಿ ಎರಡಾಗಿ ಕಾಣಬಹುದು. ಅದಕ್ಕೇ ಕನಿಷ್ಠ 50 ನ್ಯೂಕ್ಲಿಯಸ್ ಎಣಿಸುತ್ತಾರೆ. ಆ ಹೆಣ್ಣುಮಗಳು ಎಣಿಸುವುದನ್ನು ನೋಡಿದೆ. ಎಡಗೈ ಬೆರಳು ಗುಂಡಿ ಒತ್ತುತ್ತದೆ, ಬಲಗೈ ಸ್ಲೈಡನ್ನು ಕೂದಲೆಳೆಯಷ್ಟು ಸರಿಸುತ್ತದೆ, ತುಟಿ ಸದ್ದಿಲ್ಲದೆ ಅಲ್ಲಾಡುತ್ತದೆ. ನಮ್ಮೂರ ಹೆಂಗಸರು ಮೊರದಲ್ಲಿ ಅಕ್ಕಿ ಆರಿಸುವಾಗಿನ ಅದೇ ಏಕಾಗ್ರತೆ. ಅವರು ಮುಗಿಸಿದ ಮೇಲೆ ಇನ್ನೊಬ್ಬರು ಬಂದು ಅದೇ ಸ್ಲೈಡನ್ನು ಹೊಸದಾಗಿ ಎಣಿಸಿದರು.

ಎಕ್ಸ್, ವೈ ಎಂದೆನಲ್ಲ, ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಆ ಕೋಣೆಯಲ್ಲಿ ಕೂತವರಿಗೆ ಮಗು ಗಂಡೋ ಹೆಣ್ಣೋ ಬಣ್ಣದಲ್ಲೇ ಕಾಣುತ್ತದೆ. ಕಂಡರೂ ಹೇಳುವಂತಿಲ್ಲ. 1994ರ ಪ್ರಸವಪೂರ್ವ ಪರೀಕ್ಷಾ ಕಾಯ್ದೆ, 2003ರಲ್ಲಿ ಬಿಗಿಯಾದದ್ದು, ಬಾಯಿಯಿಂದಾಗಲಿ ಸನ್ನೆಯಿಂದಾಗಲಿ ಬೇರಾವ ರೀತಿಯಲ್ಲಾಗಲಿ ಲಿಂಗ ತಿಳಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಜೈಲು. ವರದಿಯಲ್ಲಿ ಬರೆಯುವುದು ‘ಲಿಂಗ ವರ್ಣತಂತುಗಳ ಸಂಖ್ಯೆ ಸರಿಯಿದೆ’ ಎಂದಷ್ಟೇ. “ಎಷ್ಟೋ ಜನ ಕೇಳ್ತಾರೆ ಸರ್, ಅಳ್ತಾರೆ, ಕಾಲು ಹಿಡೀತಾರೆ. ನಾವು ಹೇಳಲ್ಲ” ಎಂದರು ಆಕೆ. ಹೆಣ್ಣೆಂದು ಗೊತ್ತಾದರೆ ಗರ್ಭವೇ ಬೇಡ ಎನ್ನುವ ಕಾಲ ನಮ್ಮ ಜಿಲ್ಲೆಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಈ ಬೆಳಕು ಅದಕ್ಕೆ ಬಳಕೆಯಾಗದಂತೆ ಕಾಯುವವರಿಗೆ ನಾನು ಕೈಮುಗಿಯುತ್ತೇನೆ.

ಈ ಪರೀಕ್ಷೆಗೂ ಮಿತಿಯುಂಟು. ಯಾವ ನೂಲಿಗೆ ಗಂಟು ಹಾಕಿದರೋ ಅದಷ್ಟೇ ಕಾಣುತ್ತದೆ, ಉಳಿದ ಜೋಡಿಗಳಲ್ಲಿ ಏನಾಗಿದ್ದರೂ ಇದಕ್ಕೆ ಗೊತ್ತಾಗದು. ಮೂರನೇ ಚುಕ್ಕೆ ಕಂಡರೂ ಆ 21 ಬಿಡಿಯಾಗಿದೆಯೋ, 14ರಂಥ ಇನ್ನೊಂದು ವರ್ಣತಂತುವಿಗೆ ಅಂಟಿಕೊಂಡಿದೆಯೋ ತಿಳಿಯದು. ಅಂಟಿಕೊಂಡಿದ್ದರೆ ಅದು ತಂದೆ ಅಥವಾ ತಾಯಿಯಿಂದಲೇ ಬಂದಿರಬಹುದು, ಮುಂದಿನ ಬಸಿರಿನಲ್ಲೂ ಬರಬಹುದು. ಅದಕ್ಕೆ ಜೀವಕೋಶ ಬೆಳೆಸಿ ನೋಡುವ ಹಳೆಯ ಪರೀಕ್ಷೆಯೇ ಬೇಕು. ಫಿಶ್ ಒಂದನ್ನೇ ನಂಬಿ ದೊಡ್ಡ ನಿರ್ಧಾರ ತೆಗೆದುಕೊಳ್ಳಬೇಡಿ ಎಂದು ತಜ್ಞರು ಹೇಳುವುದು ಇದಕ್ಕೇ. ಈಗ ತಾಯಿಯ ರಕ್ತದಲ್ಲೇ ಮಗುವಿನ ಡಿಎನ್‌ಎ ಚೂರು ಹುಡುಕುವ ಪರೀಕ್ಷೆಯೂ ಬಂದಿದೆ. ಅಂಥ ಚೂರು ಇದೆಯೆಂದು 1997ರಲ್ಲಿ ತೋರಿಸಿದವರು ಡೆನಿಸ್ ಲೋ ತಂಡ. ಆದರೆ ಅದು ಸೂಚನೆ ಕೊಡುವ ಪರೀಕ್ಷೆ. ಅಲ್ಲಿ ಅನುಮಾನ ಬಂದರೆ ಖಚಿತಪಡಿಸಿಕೊಳ್ಳಲು ಮತ್ತೆ ಗರ್ಭದ ನೀರಿಗೇ ಬರಬೇಕು.

ಮೂರನೆಯ ಚುಕ್ಕೆ ಕಂಡ ಮನೆಯವರು ಏನು ಮಾಡಬೇಕೆಂದು ನಾನು ಹೇಳುವವನಲ್ಲ. ಅದು ಆ ತಾಯಿಯ, ಆ ಮನೆಯ ನಿರ್ಧಾರ. ಒಂದು ಮಾತ್ರ ಹೇಳಬಲ್ಲೆ: ಡೌನ್ ಸಿಂಡ್ರೋಮ್ ಇರುವ ಮಕ್ಕಳು ನಗುತ್ತಾರೆ, ಹಾಡುತ್ತಾರೆ, ನಿಧಾನವಾಗಿಯಾದರೂ ಕಲಿಯುತ್ತಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಅದು ಮೊದಲೇ ಗೊತ್ತಿದ್ದರೆ ಹೆರಿಗೆಯನ್ನು ಹೃದಯ ಚಿಕಿತ್ಸೆ ಇರುವ ಆಸ್ಪತ್ರೆಯಲ್ಲೇ ಮಾಡಿಸಬಹುದು. ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಅವರು ಈಗ 60ರ ಆಸುಪಾಸಿನವರೆಗೆ ಬಾಳುತ್ತಾರೆ. ಮಾರ್ಚ್ 21 ಅವರ ದಿನ. ಮೂರನೇ ತಿಂಗಳು, 21ನೇ ತಾರೀಖು: 21ನೆಯದು ಮೂರು ಎಂಬ ಆ ಲೆಕ್ಕವನ್ನೇ ಹಬ್ಬ ಮಾಡಿಕೊಂಡಿದ್ದಾರೆ.

ಅತ್ತಿಗೆಯ ವರದಿ ನಾಲ್ಕನೇ ದಿನ ಬಂತು. ಅಣ್ಣ ತೋಟದಲ್ಲಿದ್ದ. ಅತ್ತಿಗೆಯೇ ಫೋನಿನಲ್ಲಿ ನನಗೆ ಓದಿ ಹೇಳಿದರು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ. “13ಕ್ಕೆ ಎರಡು. 18ಕ್ಕೆ ಎರಡು. 21ಕ್ಕೆ...” ಅಲ್ಲಿ ನಿಂತರು. ಉಸಿರು ಕೇಳಿಸಿತು. “ಎರಡೇ ಐತಪ್ಪಾ!” ಎರಡೂವರೆ ವಾರದ ಮೇಲೆ ಬಂದ ಹಳೆಯ ವಿಧಾನದ ವರದಿಯೂ ಅದನ್ನೇ ಹೇಳಿತು.

ನಮ್ಮ ಹೋಬಳಿಯಲ್ಲಾಗಲಿ, ಹೊಸದುರ್ಗ, ಹಿರಿಯೂರು ಕಡೆಯಲ್ಲಾಗಲಿ ಈ ಪರೀಕ್ಷೆ ತಪ್ಪಿಹೋಗುವುದು ಹೆಚ್ಚಾಗಿ ತಡವಾಗಿ ಹೋದದ್ದರಿಂದ. ಗರ್ಭದ ನೀರು ತೆಗೆಯಲು ತಕ್ಕ ಸಮಯ 15ರಿಂದ 20ನೇ ವಾರ. ಅದಕ್ಕೂ ಮೊದಲಿನ ಸ್ಕ್ಯಾನಿಂಗು ಮತ್ತು ರಕ್ತ ಪರೀಕ್ಷೆ ಆಗಬೇಕಾದ್ದು 11ರಿಂದ 13ನೇ ವಾರದೊಳಗೆ. ಆದ್ದರಿಂದ ಮುಟ್ಟು ನಿಂತ ತಿಂಗಳೇ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ. ವಯಸ್ಸು 35 ದಾಟಿದ್ದರೆ, ಮನೆಯಲ್ಲಿ ಮೊದಲೇ ಇಂಥ ಮಗು ಇದ್ದರೆ, ಮೇಲಿಂದ ಮೇಲೆ ಗರ್ಭ ಹೋಗಿದ್ದರೆ, ನಾಚಿಕೊಳ್ಳದೆ ವೈದ್ಯರನ್ನು ಕೇಳಿ: “ನನಗೆ ವರ್ಣತಂತು ಪರೀಕ್ಷೆ ಬೇಕಾ?”